ಆಂಗ್ಲರೊಡನೆ ನಾಲ್ಕು ಮಾತು

ವೈಟ್‌ಫೀಲ್ಡಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆಯಾದಾಗ ಲಂಡನ್ನಿನಲ್ಲಿ ಚಳಿಗಾಲದ ಬೆಳಗಿನ ಒಂಬತ್ತು ಗಂಟೆ. ಬೇಸಗೆ ಬಂದಿತೆಂದರೆ ಅಲ್ಲಿಯವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಆಗ ಇಲ್ಲಿಯವರ ಊಟದ ಹೊತ್ತಿಗೆ ಸಂಚಕಾರ. ಅದೇನೇ ಇರಲಿ, ಆ ಗಳಿಗೆಗೆ ಸರಿಯಾಗಿ ಸಾಲುಸಾಲು ಕಂಪ್ಯೂಟರುಗಳ ಪರದೆಯ ಮೇಲೆ ಆಂಗ್ಲ ಮುಖಗಳು ಮೂಡುತ್ತವೆ. ಇತ್ತ ಕುಳಿತ ತರುಣನು ಲೆಕ್ಕಪತ್ರಗಳನ್ನು ಸಿದ್ಧಮಾಡಿಕೊಂಡು, ಬರಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಕೂಡಿಸಿಕೊಂಡು, ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ಕಾದಿರುತ್ತಾನೆ. ಅತ್ತಣಿಂದ ಬರುವ ಮೊದಲ ಪ್ರಶ್ನೆ ಯಾವುದು? ಬೆಂಗಳೂರಿನಲ್ಲಿ ಹವೆ ಹೇಗಿದೆ ಎಂಬುದು.

"ಇಪ್ಪತ್ತೆಂಟು ಡಿಗ್ರಿ" ಎಂದು ತರುಣನು ಕರಾರುವಾಕ್ಕಾದ ಉತ್ತರವಿತ್ತು ಸುಮ್ಮನಾಗುತ್ತಾನೆ. ಆಂಗ್ಲನೂ ಕ್ಷಣಕಾಲ ಸುಮ್ಮನಾಗುತ್ತಾನೆ. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಕೇಳಿದುದು ಉಷ್ಣಾಂಶವನ್ನಲ್ಲ. ಬೀದಿಯಲ್ಲಿ ಎದುರಾದ ನೆರೆಯವರು "ಊಟವಾಯಿತೆ?" ಎಂದಾಗ, "ಎರಡು ಮುದ್ದೆ, ಬಸ್ಸಾರು, ಮಜ್ಜಿಗೆ" ಎಂದು ಪಟ್ಟಿಯೊಪ್ಪಿಸಿ ಮುಂದೆ ನಡೆದುಬಿಟ್ಟರೆ ಹೇಗೋ ಹಾಗಾಯಿತು ಇದು.

ಸಂಗತಿ ನಗೆಯದಾದರೂ ನಗೆಯಲ್ಲೇ ಮುಗಿಯುವಂಥದಲ್ಲ. ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರು ಆರು ತಿಂಗಳಿಗೆಂದು ಲೀಡ್ಸಿಗೋ ರೆಡಿಂಗಿಗೋ ಹೋಗುತ್ತಾರೆ. ಪೀಣ್ಯದ ಸಣ್ಣ ಕಾರ್ಖಾನೆಯ ಒಡೆಯರು ಬಿಡಿಭಾಗಗಳ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬರ್ಮಿಂಗ್‌ಹ್ಯಾಮಿನ ಪ್ರದರ್ಶನಕ್ಕೆ ಹೊರಡುತ್ತಾರೆ. ಮಗಳ ಬಾಣಂತನಕ್ಕೆಂದು ತಾಯಿ ಮೆಣಸಿನಪುಡಿ, ಅಂಟಿನುಂಡೆಗಳೊಡನೆ ವಿಮಾನವೇರುತ್ತಾಳೆ. ಇವರೆಲ್ಲರಿಗೂ ಇಂಗ್ಲಿಷು ಒಂದಷ್ಟು ಬರುತ್ತದೆ. ಕೆಲವರಿಗೆ ಆಂಗ್ಲರಿಗಿಂತ ಚೆನ್ನಾದ ವ್ಯಾಕರಣವೇ ಬರುತ್ತದೆ. ಆದರೂ "ಕೆಲಸದಲ್ಲಿ ಜಾಣ, ಮಾತಿನಲ್ಲಿ ಒರಟ" ಎಂಬ ಹೆಸರು ಬಂದುಬಿಟ್ಟರೆ ಬಡ್ತಿ ತಪ್ಪುತ್ತದೆ; "ಸಭ್ಯರೇ, ಆದರೆ ಹೌದೆಂದುದನ್ನು ನಂಬುವಂತಿಲ್ಲ" ಎಂಬ ಹೆಸರು ಬಂದರೆ ಮುಂದಿನ ಆರ್ಡರು ಬಾರದು. ಏಕೆ ಬರಲಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಹಾಗೆ ಹೇಳುವುದು ಆಂಗ್ಲರ ಲೆಕ್ಕದಲ್ಲಿ ಸಭ್ಯತೆಯಲ್ಲ.

ಹಳೆಯ ನಂಟು

ವೈಟ್‌ಫೀಲ್ಡಿಗೆ ಆಂಗ್ಲರ ಮಾತು ಹೊಸದೇನೂ ಅಲ್ಲ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಂದಾಳಾಗಿದ್ದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೂ ನಿಂತಿತು. ದುಂಡಗಿನ ಬಯಲು, ಅದರ ಸುತ್ತ ಹೆಂಚಿನ ಮನೆಗಳು, ಹಣ್ಣಿನ ತೋಟಗಳು. ಸಂಜೆ ಪಡಸಾಲೆಯಲ್ಲಿ ಚಹ, ಚಹದೊಡನೆ ಹವೆಯ ಮಾತು. ತರುಣ ಚರ್ಚಿಲ್ ಬೆಂಗಳೂರಿನ ದಂಡಿನಲ್ಲಿದ್ದಾಗ ವೈಟ್‌ಫೀಲ್ಡಿನ ವೇವರ್ಲಿ ಇನ್ನಿಗೆ ಕುದುರೆಯೇರಿ ಬರುತ್ತಿದ್ದನೆಂದು ಕಥೆಯೊಂದಿದೆ. ಕಥೆಗೆ ದಾಖಲೆ ಕೇಳಬಾರದು. ದಾಖಲೆಯಿರುವುದು ಬೆಂಗಳೂರು ಕ್ಲಬ್ಬಿನಲ್ಲಿ: 1899ರಲ್ಲಿ ವಸೂಲಾಗದ ಬಾಕಿಯೆಂದು ಬರೆದುಕೊಂಡ ಹದಿಮೂರು ರೂಪಾಯಿ ಚರ್ಚಿಲ್ ಮಹಾಶಯನ ಹೆಸರಿನಲ್ಲಿದೆ. ಆಂಗ್ಲ ಅತಿಥಿಯ ಮುಂದೆ ಇದನ್ನೆತ್ತಬಹುದೇ? ನಗುನಗುತ್ತ ಎತ್ತಬಹುದು. ತಮ್ಮವರನ್ನು ತಾವೇ ಹಾಸ್ಯಮಾಡಿಕೊಳ್ಳುವುದರಲ್ಲಿ ಅವರಿಗೆ ಸುಖವುಂಟು.

ಆ ದುಂಡು ಬಯಲಿನ ಆಚೀಚೆಗೆ ಇಂದು ಗಾಜಿನ ಕಟ್ಟಡಗಳು. ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲಾರಂಭಿಸಿತು. ಬ್ರಿಟನ್ನಿನ ಟೆಸ್ಕೊ ಅಂಗಡಿಸಂಸ್ಥೆಯು 2004ರಲ್ಲಿ ತನ್ನ ಸೇವಾಕೇಂದ್ರವನ್ನು ವೈಟ್‌ಫೀಲ್ಡಿನಲ್ಲೇ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ಸನ್ನು ಕಟ್ಟಿದ ನಾರಾಯಣ ಮೂರ್ತಿಯವರ ಅಳಿಯ ರಿಷಿ ಸುನಕ್ 2022ರಿಂದ 2024ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದರು. ದೊರೆ ಚಾರ್ಲ್ಸರು 2024ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿನ ಸಮೀಪದ ಸಮೇತನಹಳ್ಳಿಯ ಆರೋಗ್ಯಧಾಮದಲ್ಲಿ ರಾಣಿಯೊಡನೆ ಸದ್ದಿಲ್ಲದೆ ತಂಗಿ ಹೋದರು. ಮರುವರ್ಷ ಜುಲೈ 24ರಂದು ಎರಡು ದೇಶಗಳ ನಡುವಣ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿತು. ಪೀಣ್ಯದ ಲೇತುಗಳ ಮುಂದೆಯೂ ಅದರ ಚರ್ಚೆ ನಡೆಯಿತು. ನಂಟು ಬೆಳೆಯುತ್ತಲೇ ಇದೆ. ನಂಟಿನೊಡನೆ ಮಾತೂ ಬೆಳೆಯಬೇಕಷ್ಟೆ.

ಹವೆಯೆಂಬ ನಮಸ್ಕಾರ

ಹವೆಯ ವಿಚಾರವೆತ್ತದೆ ಆಂಗ್ಲರ ಭೇಟಿ ಆರಂಭವೇ ಆಗುವುದಿಲ್ಲವೆಂದು ಪಂಡಿತ ಸ್ಯಾಮ್ಯುಯಲ್ ಜಾನ್ಸನ್ 1758ರಷ್ಟು ಹಿಂದೆಯೇ ಕುಟುಕಿದ್ದನು. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿಯು 1923ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿಟ್ಟನು: ಮಾತಿನ ಒಂದು ಬಗೆಯು ಸುದ್ದಿಯನ್ನು ತಿಳಿಸುವುದಕ್ಕಲ್ಲ, "ನಿನ್ನ ಬಗ್ಗೆ ನನಗೆ ವೈರವಿಲ್ಲ, ಬಾ, ಕೂಡು" ಎಂದು ತಿಳಿಸುವುದಕ್ಕೆ ಇರುವಂಥದು. ಕನ್ನಡಿಗನಿಗೆ ಇದನ್ನು ವಿದ್ವಾಂಸರು ಬೋಧಿಸಬೇಕಾಗಿಲ್ಲ. "ಎಲ್ಲಿಗೋ ಹೊರಟ ಹಾಗಿದೆ?" ಎಂದು ಕೇಳುವವರಿಗೆ ಎಲ್ಲಿಗೆಂಬುದು ಬೇಕಾಗಿಲ್ಲ, "ಇಲ್ಲೇ, ಸ್ವಲ್ಪ" ಎಂದು ಕೈತೋರಿದರೆ ಇಬ್ಬರಿಗೂ ತೃಪ್ತಿ.

ಹವೆಯ ಮಾತಿಗೂ ಒಂದು ನಿಯಮವುಂಟು. ಆಂಗ್ಲರ ನಡವಳಿಕೆಯನ್ನು ಕುರಿತು 2004ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಕೇಟ್ ಫಾಕ್ಸ್ ಎಂಬ ಮಾನವಶಾಸ್ತ್ರಜ್ಞೆಯು ಅದನ್ನು ಸೊಗಸಾಗಿ ಗುರುತಿಸಿದ್ದಾಳೆ: ಎದುರಿನವರು ಚಳಿಯೆಂದರೆ ಚಳಿಯೇ, ಅಲ್ಲಗಳೆಯಬಾರದು. "ಇದೇನು ಮಹಾ ಚಳಿ?" ಎಂದವನು ಹವೆಯನ್ನಲ್ಲ, ಮಾತನಾಡಿದವರನ್ನೇ ತಳ್ಳಿಹಾಕಿದಂತೆ. ತನಗೆ ಚಳಿಯೆನಿಸದಿದ್ದರೆ "ಹೌದು, ಆದರೆ ನಮ್ಮ ಊರಿನಲ್ಲಿ ಸೆಖೆಯೇ ಸೆಖೆಯಾದ್ದರಿಂದ ನನಗಿದು ಹಿತವಾಗಿದೆ" ಎಂದು ಮೊದಲು ಒಪ್ಪಿಕೊಂಡು ಮತ್ತೆ ತನ್ನದನ್ನು ಸೇರಿಸಬೇಕು. ಬೆಂಗಳೂರಿಗನಿಗಂತೂ ಈ ವಿಷಯದಲ್ಲಿ ಬಂಡವಾಳಕ್ಕೆ ಕೊರತೆಯಿಲ್ಲ. "ಮೊದಲೆಲ್ಲ ಮನೆಗೆ ಫ್ಯಾನೇ ಬೇಕಿರಲಿಲ್ಲ" ಎಂಬುದು ಈ ಊರಿನ ನಾಂದಿಪದ್ಯವಲ್ಲವೆ? ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಆಂಗ್ಲನು ಕರಗಿಹೋಗುತ್ತಾನೆ. ಅದು ತೀರಿದ ಮೇಲೆ ವಾಹನಸಂದಣಿಯಿದ್ದೇ ಇದೆ. ಕಾಡುಗೋಡಿಯವರೆಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೆ 2025ರಲ್ಲಿ ಮೆಟ್ರೋ ಬಂದರೂ ಸಿಲ್ಕ್ ಬೋರ್ಡಿನ ಕಥೆ ಮುಗಿದಿಲ್ಲವೆಂದರೆ, ಲಂಡನ್ನಿನ ಹೊರವರ್ತುಲ ರಸ್ತೆಯ ಕಥೆ ಅತ್ತಣಿಂದ ತಾನಾಗಿ ಹೊರಡುತ್ತದೆ.

"ಹೌ ಡು ಯು ಡು?" ಎಂಬುದೂ ಈ ಜಾತಿಯದೇ. ಹಳಬರು ಹಾಗೆ ಕೇಳಿದರೆ ಉತ್ತರವೂ ಅದೇ ಮಾತು, ಮಂಡಿನೋವಿನ ವರ್ಣನೆಯಲ್ಲ. ಈಗಿನವರು "ಆಲ್‌ರೈಟ್?" ಎಂದಷ್ಟೇ ಹೇಳಿ ನಡೆದುಬಿಡುತ್ತಾರೆ. ತನ್ನ ಮುಖದಲ್ಲಿ ಏನೋ ಕಾಯಿಲೆ ಕಂಡಿರಬೇಕೆಂದು ಹೊಸಬರು ಕನ್ನಡಿ ನೋಡಿಕೊಳ್ಳುವುದುಂಟು. "ಆಲ್‌ರೈಟ್" ಎಂದು ಮರಳಿಸಿದರೆ ಮುಗಿಯಿತು.

ಕ್ರಿಯಾಪದದಲ್ಲಿ ಅಡಗಿದ ಮರ್ಯಾದೆ

ಕನ್ನಡಿಗರು ಇಂಗ್ಲಿಷಿನಲ್ಲಿ ಒರಟಾಗಿ ಕಾಣಿಸುವುದೇಕೆಂಬ ಪ್ರಶ್ನೆಗೆ ಉತ್ತರವು ಅವರ ಸ್ವಭಾವದಲ್ಲಿಲ್ಲ, ವ್ಯಾಕರಣದಲ್ಲಿದೆ. "ಆ ಕಡತ ಕೊಡಿ" ಎಂದರೆ ಕನ್ನಡದಲ್ಲಿ ಮರ್ಯಾದೆಗೆ ಏನೂ ಕಡಮೆಯಾಗಲಿಲ್ಲ. "ಕೊಡು" ಎನ್ನದೆ "ಕೊಡಿ" ಎಂದುದರಲ್ಲಿ, "ನೀನು" ಎನ್ನದೆ "ನೀವು" ಎಂದುದರಲ್ಲಿ ಗೌರವವೆಲ್ಲ ಸಂದುಹೋಯಿತು. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ ಏಕವಚನ ಬಹುವಚನಗಳ ಈ ಭೇದವಿದ್ದಿತು. ಏಕವಚನದ ಸರ್ವನಾಮವು ಬಳಕೆ ತಪ್ಪಿ ಈಗ ದೊರೆಗೂ ನಾಯಿಗೂ ಒಂದೇ "ಯು". ಹಾಗಾದರೆ ಮರ್ಯಾದೆ ಎಲ್ಲಿ ಹೋಯಿತು? ಅದು "ಪ್ಲೀಸ್", "ಕುಡ್ ಯು", "ವುಡ್ ಯು ಮೈಂಡ್", "ಐ ವಂಡರ್ ಇಫ್" ಎಂಬ ಬಾಲಗಳಲ್ಲಿ ಹೋಗಿ ಸೇರಿಕೊಂಡಿತು. "ಕೊಡಿ" ಎಂಬುದನ್ನು ಪದಕ್ಕೆ ಪದವಿಟ್ಟು "ಗಿವ್ ಮಿ ದ ಫೈಲ್" ಎಂದು ತಿರುಗಿಸಿದಾಗ "ಇ"ಕಾರದಲ್ಲಿದ್ದ ಗೌರವವು ದಾರಿಯಲ್ಲೇ ಬಿದ್ದುಹೋಗುತ್ತದೆ. ಆಂಗ್ಲನ ಕಿವಿಗೆ ತಲುಪುವುದು "ಕೊಡೋ ಅದನ್ನ" ಎಂಬುದೇ.

ಸ್ವರದ ಏರಿಳಿತವೂ ಇಂಥದೇ ಮೋಸಮಾಡುತ್ತದೆ. ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. 1970ರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ವಿಮಾನನಿಲ್ದಾಣವೊಂದರ ಸಿಬ್ಬಂದಿಯ ಉಪಾಹಾರಗೃಹದಲ್ಲಿ ಭಾರತ, ಪಾಕಿಸ್ತಾನಗಳ ಹೆಂಗಸರು ಊಟ ಬಡಿಸುವ ಕೆಲಸಕ್ಕೆ ಸೇರಿದರು. ಅವರು ದುರಹಂಕಾರಿಗಳೆಂದು ಊಟಕ್ಕೆ ಬರುವವರಿಂದ ದೂರು ಬಂತು. ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ಹೆಂಗಸರಿಗೂ ನೋವು. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಹೋಗಿ ಅವರ ಮಾತನ್ನು ಧ್ವನಿಮುದ್ರಿಸಿಕೊಂಡು ಪರೀಕ್ಷಿಸಿದಾಗ ತಿಳಿದುದೇನು? ಇಡೀ ಜಗಳಕ್ಕೆ ಕಾರಣ "ಗ್ರೇವಿ" ಎಂಬ ಒಂದೇ ಒಂದು ಪದ! ಮಾಂಸದ ಮೇಲೆ ಸಾರು ಹಾಕಲೇ ಎಂದು ಕೇಳುವಾಗ ಆಂಗ್ಲ ಹೆಂಗಸು ಆ ಪದದ ಕೊನೆಯನ್ನು ಮೇಲಕ್ಕೆತ್ತುತ್ತಾಳೆ, ಅದು ಪ್ರಶ್ನೆ. ಈ ಹೆಂಗಸರು ಅದನ್ನೇ ಕೆಳಕ್ಕಿಳಿಸಿ ನುಡಿಯುತ್ತಿದ್ದರು. ಅವರ ಮನಸ್ಸಿನಲ್ಲಿ ಅದು ಉಪಚಾರ. ಕೇಳುವವರ ಕಿವಿಗೆ "ಇದು ಸಾರು, ಬೇಕಾದರೆ ತಗೋ" ಎಂಬ ಘೋಷಣೆ. ಧ್ವನಿಮುದ್ರಿಕೆಯನ್ನು ಇಬ್ಬರಿಗೂ ಕೇಳಿಸಿ ಚರ್ಚೆ ನಡೆಸಿದ ಮೇಲೆ ಎರಡು ಕಡೆಯ ಮುನಿಸೂ ಇಳಿಯತೊಡಗಿತು.

ಕನ್ನಡದಲ್ಲಿ ಪ್ರಶ್ನೆಯು ಪದದ ತುದಿಯಲ್ಲೇ ಕುಳಿತಿರುತ್ತದೆ: ಬೇಕೆ, ಬಂದಿರಾ, ಹಾಕಲೇ. ಧ್ವನಿಯನ್ನು ಎತ್ತಬೇಕಾದ ಅಗತ್ಯವೇ ಇಲ್ಲ. ಆದ್ದರಿಂದ ಫೋನಿನಲ್ಲಿ ದಿನವಿಡೀ ಇಂಗ್ಲಿಷಾಡುವ ವೈಟ್‌ಫೀಲ್ಡಿನ ಹುಡುಗಿಗೂ ಈ "ಗ್ರೇವಿ"ಯ ಕಥೆ ಹಳೆಯದಾಗಿಲ್ಲ. ತರಬೇತಿ ಕೊಡುವವರು ಉಚ್ಚಾರಣೆಯನ್ನು ತಿದ್ದುವುದಕ್ಕೆ ಪಡುವ ಪಾಡಿನಲ್ಲಿ ಕಾಲುಭಾಗವನ್ನು ಇದಕ್ಕೆ ವಿನಿಯೋಗಿಸಿದರೂ ಸಾಕು.

ಇನ್ನು "ಸಾರಿ", "ಥ್ಯಾಂಕ್ ಯು"ಗಳು. ನಮ್ಮಲ್ಲಿ ಮನೆಯೊಳಗೆ ವಂದನೆ ಹೇಳಿದರೆ "ನಾನೇನು ಹೊರಗಿನವಳೇ?" ಎಂದು ಅಕ್ಕ ಮುನಿಸಿಕೊಂಡಾಳು. ಅಲ್ಲಿಯಾದರೋ ಬಸ್ಸಿನಿಂದ ಇಳಿಯುವಾಗ ಚಾಲಕನಿಗೂ ಥ್ಯಾಂಕ್ ಯು. ಕೇಟ್ ಫಾಕ್ಸ್ ಬೇಕೆಂದೇ ಜನಸಂದಣಿಯಲ್ಲಿ ದಾರಿಹೋಕರಿಗೆ ಢಿಕ್ಕಿಹೊಡೆದು ಪರೀಕ್ಷಿಸಿದಳು. ತಪ್ಪು ಅವಳದಾದರೂ "ಸಾರಿ" ಎಂದವರು ಬಹುಪಾಲು ಢಿಕ್ಕಿ ತಿಂದವರೇ! ಇದು ಹಾಸ್ಯಾಸ್ಪದವೆಂದು ತೋರಬಹುದು. ಆದರೆ ರೈಲಿನಲ್ಲಿ ಕಾಲು ತಗುಲಿದರೆ, ತಗುಲಿದವನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದು ಏನನ್ನು? ಅದು ಬಾಯಿಲ್ಲದ "ಸಾರಿ".

"ಪರವಾಗಿಲ್ಲ", "ಸುಮಾರಾಗಿದೆ", "ನೋಡೋಣ"

ಈಗ ಬರುವುದು ನಷ್ಟಕ್ಕೆ ದಾರಿಯಾಗುವ ವಿಷಯ. ಆಂಗ್ಲರು ಹೊಗಳಿಕೆಯನ್ನೂ ತೆಗಳಿಕೆಯನ್ನೂ ಅಳತೆ ತಗ್ಗಿಸಿಯೇ ಹೇಳುವರು. "ನಾಟ್ ಬ್ಯಾಡ್" ಎಂದರೆ ಚೆನ್ನಾಗಿದೆಯೆಂದೇ ಅರ್ಥ. ನಮ್ಮ "ಪರವಾಗಿಲ್ಲ" ಇದಕ್ಕೆ ಸಾಕ್ಷಾತ್ ಅವಳಿ. "ಕ್ವೈಟ್ ಗುಡ್" ಎಂಬುದು ಮಾತ್ರ ಅಪಾಯಕಾರಿ. ಅಮೆರಿಕದವರ ಬಾಯಲ್ಲಿ ಅದು ಮೆಚ್ಚುಗೆ. ಆಂಗ್ಲನ ಬಾಯಲ್ಲಿ ಅನೇಕ ವೇಳೆ, ಮದುವೆಯೂಟ ಮುಗಿಸಿ ಬಂದ ಸೋದರಮಾವನು ಕೈಯೊರೆಸಿಕೊಳ್ಳುತ್ತ "ಅಡುಗೆ ಸುಮಾರಾಗಿತ್ತು" ಎಂದಂತೆ. ಆ "ಸುಮಾರು" ಎಷ್ಟು ಆಳವೆಂಬುದು ಅಡುಗೆಯವನಿಗೆ ಗೊತ್ತು. "ಇಂಟರೆಸ್ಟಿಂಗ್" ಎಂದರೆ ಆಸಕ್ತಿಯಿದೆಯೆಂದು ತಿಳಿದು ಸಂಭ್ರಮಿಸಬಾರದು. "ಇನ್ನೊಮ್ಮೆ ನೋಡಬಹುದೇನೋ" ಎಂಬುದು ಸಲಹೆಯಂತೆ ಕೇಳಿದರೂ ಅಪ್ಪಣೆಯೇ. "ನಿಮ್ಮ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡು ಹೇಳುತ್ತೇನೆ" ಎಂದು ಆರಂಭವಾದರೆ ಮುಂದೆ ಬರುವುದರಲ್ಲಿ ಗೌರವವು ಹೆಚ್ಚಾಗಿ ಉಳಿದಿರುವುದಿಲ್ಲ.

ಇದರ ವಿಪರೀತಕ್ಕೆ ಯುದ್ಧಭೂಮಿಯಿಂದಲೇ ಒಂದು ದೃಷ್ಟಾಂತವನ್ನು ಹೇಳುವುದುಂಟು. 1951ರ ಏಪ್ರಿಲಿನಲ್ಲಿ ಕೊರಿಯಾದ ಇಮ್ಜಿನ್ ನದಿಯ ದಂಡೆಯಲ್ಲಿ ಬ್ರಿಟಿಷ್ ದಳವೊಂದನ್ನು ಚೀನೀ ಸೇನೆಯು ಮುತ್ತಿತ್ತು. ಪರಿಸ್ಥಿತಿ ಹೇಗಿದೆಯೆಂದು ಅಮೆರಿಕದ ಸೇನಾನಿಯು ಕೇಳಿದಾಗ ಬ್ರಿಗೇಡಿಯರ್ ಬ್ರೋಡಿಯು "ಸ್ವಲ್ಪ ಅಂಟಂಟಾಗಿದೆ" ಎಂಬಂಥ ಮಾತೊಂದನ್ನಾಡಿದನಂತೆ. ಆಂಗ್ಲನ ಕಿವಿಗೆ ಅದು "ಸರ್ವನಾಶ ಸಮೀಪಿಸಿದೆ" ಎಂಬ ಕೂಗು. ಅಮೆರಿಕದವನು ತೊಂದರೆಯಿದ್ದರೂ ನಿಭಾಯಿಸುತ್ತಿದ್ದಾರೆಂದು ತಿಳಿದನು. ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ದಂಡು ಗುಡ್ಡದ ಮೇಲೆಯೇ ಉಳಿದು, ಐನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಅದೇ ಯುದ್ಧದಲ್ಲಿ ಸ್ವದೇಶಕ್ಕೆ ಮರಳಲೊಲ್ಲದ ಸೆರೆಯಾಳುಗಳ ವಿಚಾರಣೆಗಾಗಿ 1953ರಲ್ಲಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಜನರಲ್ ತಿಮ್ಮಯ್ಯನವರು. ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತ ಅವರಿಗೆ ಆಂಗ್ಲರ ಈ ಮಾತಿನ ಮರ್ಮ ತಿಳಿದೇ ಇದ್ದಿರಬೇಕು.

ಹಾಗೆಂದು ಗೂಢವಾಗಿ ಮಾತನಾಡುವವರು ಆಂಗ್ಲರೊಬ್ಬರೇ ಎಂದರೆ ಅನ್ಯಾಯವಾದೀತು. ಪೀಣ್ಯದ ಕಾರ್ಖಾನೆಗೆ ಬಂದ ಆಂಗ್ಲ ಗಿರಾಕಿಯು "ಸರಕು ಮಾರ್ಚಿಗೆ ಸಿಕ್ಕೀತೆ?" ಎಂದು ಕೇಳುತ್ತಾನೆನ್ನಿ. ಒಡೆಯರ ಮನಸ್ಸಿಗೆ ಅದು ಆಗದ ಮಾತೆಂದು ತಿಳಿದಿದೆ. ಆದರೆ ಬಂದ ಅತಿಥಿಯ ಮುಖಕ್ಕೆ "ಇಲ್ಲ" ಎನ್ನುವುದು ಹೇಗೆ? "ನೋಡೋಣ ಸಾರ್, ಮಾಡೋಣ" ಎಂಬುದನ್ನು "ಎಸ್ ಎಸ್, ವಿ ವಿಲ್ ಡೂ" ಎಂದು ಇಂಗ್ಲಿಷಿಗಿಳಿಸುತ್ತಾರೆ. ಕನ್ನಡದಲ್ಲಿ "ನೋಡೋಣ" ಎಂಬುದು ಎಷ್ಟು ದೊಡ್ಡ "ಇಲ್ಲ" ಎಂಬುದನ್ನು ಸಾಲ ಕೇಳಹೋದ ಎಲ್ಲರೂ ಬಲ್ಲರು. ಗಿರಾಕಿಯು ಬಲ್ಲನೆ? ಅವನು "ಎಸ್" ಎಂಬುದನ್ನು ಕಿಸೆಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾನೆ. ಮಾರ್ಚಿ ಕಳೆದು ಸರಕು ಬಾರದಿದ್ದಾಗ ಅವನು ಬರೆಯುವ ಪತ್ರದಲ್ಲಿ "ಸ್ವಲ್ಪ ನಿರಾಶೆಯಾಯಿತು" ಎಂದಿರುತ್ತದೆ. ಸ್ವಲ್ಪವೇ ತಾನೇ ಎಂದು ಒಡೆಯರು ನೆಮ್ಮದಿಯಾಗಿರುತ್ತಾರೆ. ಎರಡು ಸಭ್ಯತೆಗಳು ಒಂದನ್ನೊಂದು ಹಾದುಹೋದುದರಿಂದ ಒಂದು ವ್ಯಾಪಾರವೇ ಮುರಿದುಬೀಳುತ್ತದೆ.

"ಮಾರ್ಚಿಗೆ ಕಷ್ಟ, ಏಪ್ರಿಲ್ ಕೊನೆಗೆ ಖಂಡಿತ" ಎಂದಿದ್ದರೆ ಗಿರಾಕಿಗೆ ಬೇಸರವೇ ಆಗುತ್ತಿರಲಿಲ್ಲ. ಕಾರಣ ಸಹಿತವಾದ "ಇಲ್ಲ"ವನ್ನು ಆಂಗ್ಲರು ಅವಮಾನವೆಂದು ತಿಳಿಯುವುದಿಲ್ಲ. ಕೈಗೂಡದ "ಎಸ್" ಅವರಿಗೆ ಸುಳ್ಳಿನಂತೆ ಕಾಣುತ್ತದೆ. ಮುಖಾಮುಖಿ ಇದ್ದಾಗ ತಲೆಯ ಅಲುಗಾಟದಿಂದಲಾದರೂ ಅನುಮಾನಿಸಬಹುದಿತ್ತು. ಫೋನಿನಲ್ಲಿ ತಲೆ ಕಾಣುವುದಿಲ್ಲ.

ಬೇಡವೆಂದರೆ ಬೇಡ

ಮೊದಲ ಸಲ ಆಂಗ್ಲರ ಮನೆಗೆ ಹೋದವರ ಸಂಕಟವೆಲ್ಲ ಒಂದು ಬಟ್ಟಲು ಚಹದಲ್ಲಿದೆ. ಮನೆಯೊಡತಿಯು ಚಹ ಬೇಕೇ ಎಂದು ಕೇಳುತ್ತಾಳೆ. ಅತಿಥಿಗೆ ಬೇಕು, ಬಹಳ ಬೇಕು. ಹೊರಗೆ ಮೂಳೆ ಕೊರೆಯುವ ಗಾಳಿಯಲ್ಲಿ ನಡೆದು ಬಂದಿರುತ್ತಾರೆ. ಆದರೆ ಕೇಳಿದೊಡನೆ ಹೂಂ ಎಂದರೆ ಆಸೆಬುರುಕತನವಾಗದೆ? "ಬೇಡಿ, ಈಗ ತಾನೇ ಆಯಿತು" ಎನ್ನುತ್ತಾರೆ. ಇನ್ನು ಎರಡು ಸಲ ಬಲವಂತ ಮಾಡುತ್ತಾಳೆ, ಮೂರನೆಯದಕ್ಕೆ "ಹಾಗಾದರೆ ಅರ್ಧ ಲೋಟ" ಎನ್ನುವುದೆಂದು ಲೆಕ್ಕ. ಆಕೆ "ಸರಿ" ಎಂದು ತನಗೊಂದು ಬಟ್ಟಲು ಬೆರೆಸಿಕೊಂಡು ಬಂದು ಎದುರಿಗೆ ಕುಳಿತು ಹೀರುತ್ತಾಳೆ. ಆಕೆ ಜಿಪುಣಳಲ್ಲ. ಬೇಡವೆಂದವರನ್ನು ಮತ್ತೆ ಕೇಳುವುದು ಅವರ ಮಾತನ್ನು ನಂಬದೆ ಇದ್ದಂತೆ ಎಂಬುದು ಆಕೆ ಕಲಿತ ಮರ್ಯಾದೆ.

ಇದೇ ನಾಟಕ ಬೆಂಗಳೂರಿನಲ್ಲಿ ತಿರುಗುಮುರುಗಾಗುತ್ತದೆ. ವೈಟ್‌ಫೀಲ್ಡಿನ ಮನೆಯೊಂದಕ್ಕೆ ಹಬ್ಬದ ಊಟಕ್ಕೆ ಬಂದ ಆಂಗ್ಲನು ಎರಡನೆಯ ಒಬ್ಬಟ್ಟಿಗೆ "ನೋ, ಥ್ಯಾಂಕ್ ಯು" ಎಂದನೆನ್ನಿ. ಮನೆಯ ತಾಯಿಗೆ ಅದು ಆರಂಭ. ಮೂರನೆಯದು ಬೀಳುತ್ತದೆ, ಮೇಲೆ ತುಪ್ಪ. ಬಡಿಸಿದುದನ್ನು ಬಿಡುವುದು ತಮ್ಮಲ್ಲಿ ಅಸಭ್ಯವಾದುದರಿಂದ ಬಡಪಾಯಿ ಅದನ್ನೂ ಮುಗಿಸುತ್ತಾನೆ. ಖಾಲಿಯಾದ ಎಲೆಯನ್ನು ಕಂಡು ತಾಯಿಗೆ ಕರುಣೆಯುಕ್ಕಿ ನಾಲ್ಕನೆಯದು. ಎಲೆಯ ಮೇಲೆ ಎರಡು ಕೈಯನ್ನೂ ಅಡ್ಡ ಹಿಡಿದು ಬಗ್ಗಿದರೆ ಮಾತ್ರ ಬಿಡುಗಡೆಯೆಂದು ಅವನಿಗೆ ಮೊದಲೇ ಯಾರಾದರೂ ಹೇಳಿಕೊಟ್ಟಿರಬೇಕು.

ಪಬ್ಬಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಮದ್ಯ ಮುಟ್ಟದ ಕನ್ನಡಿಗನು ಸಹೋದ್ಯೋಗಿಗಳು ಕರೆದಾಗಲೆಲ್ಲ ತಲೆತಪ್ಪಿಸಿಕೊಂಡು ಕೋಣೆ ಸೇರುವುದುಂಟು. ಹಾಗೆ ಮಾಡಬೇಕಾಗಿಲ್ಲ. ಕಿತ್ತಳೆಯ ರಸವನ್ನೋ ಸೋಡಾವನ್ನೋ ಹಿಡಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಒಬ್ಬೊಬ್ಬರು ಒಂದೊಂದು ಸರದಿಗೆ ಎಲ್ಲರಿಗೂ ಪಾನೀಯ ಕೊಡಿಸುವ ಪದ್ಧತಿ. ಕುಡಿಯದಿರುವುದು ಕ್ಷಮ್ಯ, ತನ್ನ ಸರದಿಯನ್ನು ತಪ್ಪಿಸುವುದು ಅಕ್ಷಮ್ಯ. ಊರಿನ ದರ್ಶಿನಿಯಲ್ಲಿ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಎಂದು ಬಿಲ್ಲಿಗೆ ಜಗಳವಾಡಿ ಬೆಳೆದವರಿಗೆ ಇದು ಕಷ್ಟವಾಗಬಾರದು.

ಯಾರನ್ನು ಏನೆಂದು ಕರೆಯುವುದು?

ಅರವತ್ತು ವಯಸ್ಸಿನ ಮೇಲಧಿಕಾರಿಯನ್ನು ಬರಿಯ "ಡೇವಿಡ್" ಎಂದು ಕರೆಯಬೇಕಾಗಿ ಬಂದಾಗ ಹಾಸನದ ಕಡೆಯ ಹುಡುಗನ ನಾಲಗೆ ತೊಡರಿಕೊಳ್ಳುತ್ತದೆ. "ಸಾರ್" ಎಂದರೆ ಅಲ್ಲಿ ಶಾಲೆಯ ವಾಸನೆ. ಹೆಸರನ್ನೇ ಬಳಸದೆ ವರ್ಷಗಟ್ಟಲೆ "ಎಕ್ಸ್‌ಕ್ಯೂಸ್ ಮಿ"ಯಲ್ಲೇ ಕಾಲಹಾಕಿದವರೂ ಇದ್ದಾರು. ಹೆಂಗಸರನ್ನು "ಆಂಟಿ" ಎನ್ನುವುದಂತೂ ಕೂಡದು; ಗೌರವವೆಂದು ಹೇಳಿದುದು ಅವರಿಗೆ ವಯಸ್ಸೆಂದು ಕೇಳಿಸುತ್ತದೆ. ಇದಕ್ಕೆ ಎದುರಾಗಿ ಯಾರ್ಕ್‌ಷೈರಿನಲ್ಲಿ ಅಂಗಡಿಯಾಕೆ ಚಿಲ್ಲರೆ ಕೊಡುತ್ತ "ಲವ್" ಎಂದರೆ, ನಾಟಿಂಗ್‌ಹ್ಯಾಮಿನಲ್ಲಿ ಬಸ್ಸಿನವನು "ಡಕ್" ಎಂದರೆ, ನ್ಯೂಕಾಸಲಿನಲ್ಲಿ "ಪೆಟ್" ಎಂದರೆ, ಗ್ಲಾಸ್ಗೋದಲ್ಲಿ ಹೆಂಗಸರನ್ನು "ಹೆನ್" ಎಂದರೆ ಬೆಚ್ಚಬಾರದು. ಪ್ರೇಮವೂ ಅಲ್ಲ, ಬಾತುಕೋಳಿಯೂ ಅಲ್ಲ. ಕೆ. ಆರ್. ಮಾರುಕಟ್ಟೆಯಲ್ಲಿ "ಬಾ ಅಕ್ಕ", "ಹೇಳಿ ಸ್ವಾಮಿ" ಎನ್ನುವುದಿಲ್ಲವೆ?

ಗ್ಲಾಸ್ಗೋದ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಸ್ಕಾಟ್ಲೆಂಡಿನವರನ್ನೂ ವೇಲ್ಸಿನವರನ್ನೂ ಇಂಗ್ಲಿಷರೆನ್ನುವುದು, ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳೆನ್ನುವುದಕ್ಕೆ ಸಮಾನ. ಆ ಮಾತನ್ನು ಕೇಳಿಸಿಕೊಂಡ ಕನ್ನಡಿಗನಿಗೆ ಹೆಚ್ಚು ವಿವರಣೆ ಬೇಡ.

ಸಂಬಳವೆಷ್ಟು, ಮನೆಗೆ ಎಷ್ಟು ಕೊಟ್ಟಿರಿ, ಮದುವೆ ಏಕಾಗಲಿಲ್ಲ, ಮಕ್ಕಳೇಕಿಲ್ಲ ಎಂಬ ಪ್ರಶ್ನೆಗಳು ನಮ್ಮ ರೈಲಿನಲ್ಲಿ ತುಮಕೂರು ದಾಟುವುದರೊಳಗೆ ಮುಗಿದಿರುತ್ತವೆ. ಅಲ್ಲಿ ಹತ್ತು ವರ್ಷದ ಸ್ನೇಹವಾದ ಮೇಲೂ ಅವನ್ನೆತ್ತಲು ಅಂಜುವರು. ಹಾಗಾದರೆ ಕೇಳತಕ್ಕದ್ದೇನು? ತೋಟ, ನಾಯಿ, ರಜೆಗೆ ಹೋದ ಊರು, ಬಂದ ದಾರಿ. ನಾಯಿಯನ್ನು ಮಾತನಾಡಿಸಿದರೆ ಒಡೆಯನೂ ಮಾತನಾಡುತ್ತಾನೆ. ವಯಸ್ಸಾದ ಗಂಡಸರಾದರೆ ಕ್ರಿಕೆಟ್ಟಿದೆ. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ 38 ಓಟಗಳಿಗೆ 6 ಮಂದಿಯನ್ನು ಉರುಳಿಸಿ, ಇಂಗ್ಲೆಂಡನ್ನು 101ಕ್ಕೆ ಕಟ್ಟಿಹಾಕಿದ್ದು ಅವರಲ್ಲಿ ಅನೇಕರಿಗೆ ನೆನಪಿದೆ. ಆದರೆ ಗೆದ್ದವರು ಹಿಗ್ಗಬಾರದು. "ಆ ದಿನ ಚಂದ್ರರಿಗೆ ಅದೃಷ್ಟವಿತ್ತೇನೋ" ಎಂದು ಕನ್ನಡಿಗನು ತಗ್ಗಿಸಿದರೆ, "ಇಲ್ಲ ಇಲ್ಲ, ಅವರ ಚೆಂಡು ಅರ್ಥವೇ ಆಗುತ್ತಿರಲಿಲ್ಲ" ಎಂದು ಆಂಗ್ಲನೇ ಏರಿಸುತ್ತಾನೆ. ಆಟದಷ್ಟೇ ಸೊಗಸು ಈ ಮಾತಿನ ಆಟ.

ಹೊರನಾಡಿನವರು ಆಂಗ್ಲರ ಈ ರೀತಿನೀತಿಗಳನ್ನು ಕಂಡು ನಕ್ಕರೆ ಅವರಿಗೆ ಕೋಪ ಬರುವುದೂ ಅಪರೂಪ. 1938ರಲ್ಲಿ ಲಂಡನ್ನಿಗೆ ಬಂದ ಹಂಗೇರಿಯ ಪತ್ರಕರ್ತ ಜಾರ್ಜ್ ಮಿಕೆಶ್ 1946ರಲ್ಲಿ ಅವರನ್ನು ಮನಸಾರೆ ಪರಿಹಾಸ್ಯಮಾಡಿ ಪುಸ್ತಕ ಬರೆದನು. ಅವರು ಅದನ್ನು ಕೊಂಡು ಕೊಂಡು ಓದಿದರು.

ಹವೆಯ ಮಾತು ಹವೆಯಲ್ಲೇ ನಿಂತರೆ ಹೊರನಾಡಿನ ವಾಸವು ಬೇಗ ಬೇಸರವಾಗುತ್ತದೆ. ಗಂಡನೊಡನೆ ಹೋಗಿ, ಹಗಲೆಲ್ಲ ಕಿಟಕಿಯ ಮಳೆಯನ್ನು ನೋಡುತ್ತ ಕುಳಿತ ಗೃಹಿಣಿಯರಿಗೆ ಇದು ಚೆನ್ನಾಗಿ ಗೊತ್ತು. ಬೇಲಿಯಾಚೆಯ ಮುದುಕಿಯು ದಿನವೂ "ಲವ್ಲಿ ಡೇ" ಎನ್ನುತ್ತಾಳೆ, ಅದರಿಂದಾಚೆಗೆ ಒಂದು ಹೆಜ್ಜೆಯಿಲ್ಲ. ಆದರೆ ಆ ಹೆಜ್ಜೆಯನ್ನು ಆಕೆಯೂ ಕಾದಿರಬಹುದು. ಮಗುವಿನ ಜ್ವರಕ್ಕೆ ಔಷಧಿಯಂಗಡಿ ಎಲ್ಲಿ ಎಂದು ಕೇಳಿದ ದಿನ, ಆಂಗ್ಲರು ಮಾತಿಗಿಂತ ಕೆಲಸದಲ್ಲಿ ಧಾರಾಳಿಗಳೆಂಬುದು ಗೊತ್ತಾಗುತ್ತದೆ. ಸಹಾಯ ಬೇಡುವುದು ಸ್ನೇಹ ಬೇಡುವುದಕ್ಕಿಂತ ಅಲ್ಲಿ ಸುಲಭ.

1960ರ ದಶಕದ ನಡುವಿನಲ್ಲಿ ಯು. ಆರ್. ಅನಂತಮೂರ್ತಿಯವರು ಸಂಶೋಧನೆಗಾಗಿ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ, ದಿನವಿಡೀ ಇಂಗ್ಲಿಷಿನಲ್ಲೇ ಮಾತನಾಡಿ ದಣಿದು, ಕನ್ನಡಕ್ಕೆ ಹಂಬಲಿಸಿದ್ದರಂತೆ. ಒಂದು ಸಂಜೆ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ "ದ ಸೆವೆಂತ್ ಸೀಲ್" ಚಿತ್ರವನ್ನು ನೋಡಿದರು. ಯುರೋಪಿನವರು ಮಧ್ಯಯುಗವನ್ನು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕು, ತಮ್ಮಂಥವರಿಗೆ ಅದು ಊರಿನಲ್ಲೇ ಇದೆ ಎಂದು ಅನಂತಮೂರ್ತಿ ಹೇಳಿದರು. ಹಾಗಿದ್ದರೆ ಅದನ್ನೇ ಬರೆಯಬಾರದೇಕೆ ಎಂದರು ಬ್ರಾಡ್‌ಬರಿ. "ಸಂಸ್ಕಾರ" ಕಾದಂಬರಿ ಕನ್ನಡಕ್ಕೆ ದೊರಕಿದುದು ಹಾಗೆ.

ಹೊರಡುವ ಹೊತ್ತು

ಕಡೆಯದಾಗಿ, ಬಂದವರು ಏಳುವುದು ಯಾವಾಗ? "ಯಾವಾಗಲಾದರೂ ಊಟಕ್ಕೆ ಬನ್ನಿ" ಎಂದ ಆಂಗ್ಲರ ಮಾತನ್ನು ನಂಬಿ ಹೋಗುವಂತಿಲ್ಲ. ವಾರ, ಗಂಟೆ ಗೊತ್ತುಮಾಡಿ ಕರೆದರೆ ಮಾತ್ರ ಅದು ಕರೆ. "ಒಂದು ಸಲ ಮನೆಗೆ ಬನ್ನಿ" ಎಂದು ಬಸ್ ನಿಲ್ದಾಣದಲ್ಲಿ ಹೇಳುವ ನಮ್ಮವರೂ ಅಂದು ಸಂಜೆಯೇ ಬಾಗಿಲು ತಟ್ಟಿದರೆ ಗಾಬರಿಗೊಂಡಾರು. ಹಾಗೆ ಗೊತ್ತುಮಾಡಿದ ದಿನ ಹೋಗಿ, ಉಂಡು, ಮಾತು ಮುಗಿಯುತ್ತ ಬಂದಾಗ ಮನೆಯ ಯಜಮಾನನು ಎರಡು ಕೈಗಳಿಂದ ತನ್ನ ಮಂಡಿಗಳನ್ನು ತಟ್ಟಿಕೊಂಡು "ರೈಟ್" ಎಂದನೆಂದರೆ ಹೊರಡುವ ಸಮಯವಾಯಿತೆಂದು ತಿಳಿಯಬೇಕು. ಅವನು ಬೇರೇನನ್ನೂ ಹೇಳುವುದಿಲ್ಲ. "ಬರುತ್ತೇನೆ" ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ "ಐ ವಿಲ್ ಕಮ್" ಎಂದರೆ ಮತ್ತೆ ಯಾವಾಗ ಬರುವರೋ ಎಂದು ಅವನು ಚಿಂತೆಗೊಳಗಾದಾನು. ಕೋಟು ತೊಟ್ಟು ಬಾಗಿಲಿಗೆ ಬಂದ ಮೇಲೆ ಅಲ್ಲಿ ನಿಂತು ಇನ್ನೊಂದು ಕಾಲುಗಂಟೆ ಮಾತು ನಡೆಯುತ್ತದೆ. ಗೇಟಿನ ಬಳಿ ನಿಂತು ಅರ್ಧಗಂಟೆ ಮಾತನಾಡುವ ಮಲ್ಲೇಶ್ವರದವರಿಗೆ ಇದು ಹೊಸದಲ್ಲ. ಆದ್ದರಿಂದ ಮಫ್ಲರನ್ನು ಸರಿಯಾಗಿ ಸುತ್ತಿಕೊಂಡು ನಿಲ್ಲುವುದೊಳ್ಳೆಯದು. ಆ ಕಾಲುಗಂಟೆಯಲ್ಲಿ ನಾಳೆ ಮಳೆ ಬರುವುದೋ ಇಲ್ಲವೋ ಎಂಬುದು ತೀರ್ಮಾನವಾಗಬೇಕು.